ಮೂಲೆಯಲ್ಲಿ ಮಲ್ಲಿತಮ್ಮ

ಗೇಟು ತೆರೆದು ಇನ್ನೂ ಹತ್ತು ನಿಮಿಷ ಆಗಿಲ್ಲ. ಸೋಮನಾಥಪುರದ ಕೇಶವ ದೇವಾಲಯದ ಜಗತಿಯ ಮೇಲೆ ರಾತ್ರಿಯ ಇಬ್ಬನಿ ಆರಿಲ್ಲ, ಬರಿಗಾಲಿಗೆ ಕಲ್ಲು ಜುಮ್ಮೆನ್ನುತ್ತದೆ. ಡಿಸೆಂಬರಿನ ಬಿಸಿಲು ಆಗ್ನೇಯದಿಂದ ಓರೆಯಾಗಿ ಬಂದು ದಕ್ಷಿಣದ ಗೋಡೆಯನ್ನು ಸವರಿಕೊಂಡು ಹೋಗುತ್ತಿದೆ. ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ. ಒಂದು ಆನೆಯ ಸೊಂಡಿಲಿನ ನೆರಳು ಅದರ ಮುಂಗಾಲಿನ ಮೇಲೆ ಕೂದಲೆಳೆಯಷ್ಟು ತೆಳುವಾದ ಗೆರೆಯಾಗಿ ನಿಂತಿದೆ. ಬಿಸಿಲು ಮೇಲೇರಿದರೆ ಆ ಗೆರೆ ಹೋಯಿತು. ನನಗೆ ಬೇಕಾದದ್ದು ಅದೇ.

ಕೈಯಲ್ಲಿರುವುದು ನಿಕಾನಿನ ನಿಕ್ಕೊರ್ 28 ಎಂಎಂ ಎಫ್ 2.8 ಲೆನ್ಸ್, ಎಐ-ಎಸ್ ಮಾದರಿ. ಕಾಲು ಕಿಲೋ ತೂಕ. ಮುಷ್ಟಿ ಮುಚ್ಚಿದರೆ ಹೆಚ್ಚೂಕಡಿಮೆ ಮರೆಯಾಗುತ್ತದೆ. ಮೋಟಾರಿಲ್ಲ, ಆಟೊಫೋಕಸ್ ಇಲ್ಲ. ಉಂಗುರ ತಿರುಗಿಸಬೇಕು, ಕಣ್ಣಿಟ್ಟು ನೋಡಬೇಕು. 1981ರಲ್ಲಿ ಬಂದ ವಿನ್ಯಾಸ, ಎಷ್ಟು ಕೈ ದಾಟಿ ನನ್ನವರೆಗೆ ಬಂದಿದೆಯೋ. ಅಂಗಡಿಯವರು ಸೋಮವಾರ ಸಂಜೆಯವರೆಗೆ ಗಡುವು ಕೊಟ್ಟಿದ್ದಾರೆ: ಇಟ್ಟುಕೊಳ್ಳಿ, ಇಲ್ಲವೇ ತಂದುಕೊಡಿ. ಇವತ್ತು ಭಾನುವಾರ.

ಎರಡು ವರ್ಷದ ಹಿಂದೆ ಬೇರೊಂದು ಕಡೆ ಇಂಥದ್ದೇ ಹಳೆಯ ವೈಡ್ ಲೆನ್ಸ್ ಕೊಂಡಿದ್ದೆ. ಕೌಂಟರಿನ ಮೇಲೆ ಗಾಜು ಫಳಫಳ ಹೊಳೆಯುತ್ತಿತ್ತು, ಅಷ್ಟೇ ನೋಡಿ ದುಡ್ಡು ಕೊಟ್ಟು ಬಂದೆ. ಅಕ್ಕನ ಮಗಳ ಮದುವೆಯಲ್ಲಿ ಮನೆಮಂದಿಯನ್ನೆಲ್ಲ ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ, ಬಲತುದಿಯ ಕುರ್ಚಿಯಲ್ಲಿ ಕೂತ ಅಜ್ಜಿಯ ಮುಖ ಒಂದರಲ್ಲೂ ಸ್ಪಷ್ಟವಾಗಿ ಬಂದಿರಲಿಲ್ಲ. ಒಳಗಿನ ಒಂದು ಗಾಜು ಅಕ್ಷದಿಂದ ಕೊಂಚ ಸರಿದಿತ್ತು. ಡಿಸೆಂಟರಿಂಗ್ ಅನ್ನುತ್ತಾರಲ್ಲ, ಅದು. ಎಡಗಡೆ ನಿಂತವರ ರೆಪ್ಪೆಗೂದಲು ಎಣಿಸಬಹುದು, ಅಜ್ಜಿಯ ಕಣ್ಣು ಮಾತ್ರ ಕಲಸಿದಂತೆ. ಮರುವರ್ಷ ಅಜ್ಜಿ ಹೋದರು. ಅಂದಿನಿಂದ ಯಾವ ಲೆನ್ಸ್ ಸಿಕ್ಕಿದರೂ ನಾನು ಮೊದಲು ನೋಡುವುದು ಮೂಲೆಗಳನ್ನು.

ನಿನ್ನೆ ರಾತ್ರಿಯೇ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿಯಾಗಿದೆ. ನಮ್ಮ ಹವೆಯಲ್ಲಿ ಇದನ್ನು ಬಿಡುವಂತಿಲ್ಲ. ಮಲೆನಾಡಿನ ಒಂದು ಮಳೆಗಾಲ ಚರ್ಮದ ಕೇಸಿನೊಳಗೆ ಮಲಗಿದ ಲೆನ್ಸಿಗೆ ಫಂಗಸ್ ಹಿಡಿಯದಿದ್ದರೆ ಅದು ಅದೃಷ್ಟ. ಬೇರಿನಂಥ ಬಿಳಿ ಎಳೆ ಎಲ್ಲೂ ಕಾಣಲಿಲ್ಲ. ಏಳೂ ಬ್ಲೇಡುಗಳು ಒಣಗಿವೆ, ಎಣ್ಣೆಯಿಲ್ಲ. ಅಪರ್ಚರ್ ಉಂಗುರದಲ್ಲಿ 22 ಕಿತ್ತಳೆ ಬಣ್ಣದಲ್ಲಿದೆ, ಹಾಗಾಗಿ ಎಐ-ಎಸ್ ಹೌದು. ದೂರದ ಅಂಕಿ 0.2 ಮೀಟರಿನವರೆಗೆ ಇಳಿಯುತ್ತದೆ. ಇದೇ ಮುಖ್ಯ. ಇದಕ್ಕಿಂತ ಹಳೆಯ ಎಐ ಮಾದರಿ 0.3ಕ್ಕೇ ನಿಲ್ಲುತ್ತದೆ, ಹೊರಗಿನಿಂದ ಅವಳಿಯಂತೆ ಕಂಡರೂ ಒಳಗಿನ ಗಾಜಿನ ಜೋಡಣೆಯೇ ಬೇರೆ.

ಮನೆಯ ಗೋಡೆಗೆ ಪತ್ರಿಕೆಯ ಹಾಳೆ ಅಂಟಿಸಿ ಪರೀಕ್ಷೆ ಮಾಡುವವರಿದ್ದಾರೆ. ಆದರೆ 28 ಎಂಎಂ ಲೆನ್ಸಿನ ಚೌಕಟ್ಟನ್ನು ಪತ್ರಿಕೆ ತುಂಬಬೇಕಾದರೆ ಗೋಡೆಗೆ ಒಂದು ಮೀಟರಿಗಿಂತ ಹತ್ತಿರ ಹೋಗಬೇಕು. ಆ ಒಂದು ದೂರದಲ್ಲಿ ಲೆನ್ಸ್ ಹೇಗೆ ಅಂತ ಅದು ಹೇಳುತ್ತದೆ, ಅಷ್ಟೇ. ನನಗೆ ಒಂದು ಗೇಣಿನ ದೂರವೂ ಬೇಕು, ದಿಗಂತವೂ ಬೇಕು. ಅಕ್ಷರಗಳೂ ಬೇಕು, ಅವು ಇಲ್ಲಿವೆ.

ಮಂಡಿಯೂರಿ ಕೂರುತ್ತೇನೆ. 1258ರಲ್ಲಿ ಹೊಯ್ಸಳರ ಮೂರನೇ ನರಸಿಂಹನ ದಂಡನಾಯಕ ಸೋಮ ಕಟ್ಟಿಸಿದ ಈ ಗುಡಿಯಲ್ಲಿ ವಿಗ್ರಹಗಳ ಪೀಠದ ಮೇಲೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಎಲ್ಲರಿಗಿಂತ ಹೆಚ್ಚು ಕಡೆ ಕಾಣುವವನು ಮಲ್ಲಿತಮ್ಮ. ಬಳಪದ ಕಲ್ಲಿನಲ್ಲಿ ಬೆರಳಗಲದ ಹಳೆಯ ಕನ್ನಡ ಅಕ್ಷರಗಳು, ಓರೆ ಬಿಸಿಲಿನಲ್ಲಿ ಒಂದು ಅಂಚು ಬಿಳಿ, ಇನ್ನೊಂದು ಕಪ್ಪು. ಯಾವ ಟೆಸ್ಟ್ ಚಾರ್ಟೂ ನನ್ನ ಕಣ್ಣಿಗೆ ಇಷ್ಟು ಚೆನ್ನಾಗಿ ಉತ್ತರ ಹೇಳುವುದಿಲ್ಲ. ಚಾರ್ಟಿನ ಕಪ್ಪು-ಬಿಳಿ ಗೆರೆ ಮಸುಕಾದರೆ ಎಷ್ಟು ಮಸುಕು ಅಂತ ಅಂದಾಜು ಮಾಡುತ್ತಾ ಕೂರಬೇಕು. ನಮ್ಮ ಲಿಪಿಯ ಒಂದು ಬಾಗು ಮಸುಕಾದರೆ ಓದಲಿಕ್ಕೇ ಆಗುವುದಿಲ್ಲ.

ಅಕ್ಷರಗಳನ್ನು ಚೌಕಟ್ಟಿನ ಮೇಲಿನ ಎಡಮೂಲೆಗೆ ತರುತ್ತೇನೆ. ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಮೊಣಕೈಯನ್ನು ಮಂಡಿಗೆ ಊರಿ ಉಸಿರು ಹಿಡಿಯುತ್ತೇನೆ. ಎಫ್ 2.8ರಲ್ಲಿ ಈ ಬಿಸಿಲಿಗೆ ಶಟರ್ ಸೆಕೆಂಡಿನ ಎರಡು ಸಾವಿರದ ಒಂದಂಶ ಸಿಗುತ್ತದೆ, ಕೈ ನಡುಕದ ಭಯವಿಲ್ಲ. ಪರದೆಯನ್ನು ಆ ಮೂಲೆಗೇ ಒಯ್ದು ದೊಡ್ಡದು ಮಾಡಿ ಉಂಗುರ ತಿರುಗಿಸುತ್ತೇನೆ. ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗನ್ನು ನಂಬುವುದಿಲ್ಲ. ಅದಕ್ಕೆ ‘ಬಂತು’ ಅನ್ನಿಸಿದ ಮೇಲೂ ಒಂದೆರಡು ಎಳೆ ಬಾಕಿ ಇರುತ್ತದೆ. ಅಕ್ಷರ ಮಂಜಿನಿಂದ ಎದ್ದು ಬರುತ್ತದೆ, ಕಲ್ಲಿನ ರವೆ ಕಾಣುತ್ತದೆ, ಇನ್ನೊಂದು ಕೂದಲು ತಿರುಗಿಸಿದರೆ ಮತ್ತೆ ಮುಳುಗುತ್ತದೆ. ಹಿಂದಕ್ಕೆ ಬರುತ್ತೇನೆ. ಕ್ಲಿಕ್. ಆಮೇಲೆ ಮೇಲಿನ ಬಲಮೂಲೆ, ಕೆಳಗಿನ ಎರಡು. ಪ್ರತಿ ಮೂಲೆಯಲ್ಲೂ ಅಲ್ಲಿಯದೇ ಫೋಕಸ್. ನಡುವಿನಲ್ಲಿ ಫೋಕಸ್ ಮಾಡಿ ಕ್ಯಾಮೆರಾ ವಾಲಿಸಿದರೆ ಫೋಕಸ್ ನಿಂತ ತಲವೂ ಜೊತೆಗೇ ವಾಲುತ್ತದೆ. ಇಷ್ಟು ಹತ್ತಿರದಲ್ಲಿ ಅದು ನನ್ನ ತಪ್ಪಾಗುತ್ತದೆ, ಲೆನ್ಸಿನದಲ್ಲ.

ಈಗ ಆನೆ. ಉಂಗುರ 0.2ಕ್ಕೆ ಬಂದು ನಿಂತಾಗ ಮುಂದಿನ ಗಾಜಿಗೂ ಸೊಂಡಿಲಿಗೂ ನಡುವೆ ಒಂದು ಗೇಣೂ ಉಳಿಯುವುದಿಲ್ಲ, ಲೆನ್ಸಿನ ನೆರಳು ಕಲ್ಲಿನ ಮೇಲೆ ಬೀಳದ ಹಾಗೆ ನಾನೇ ಓರೆಯಾಗಿ ಒರಗಬೇಕು. ಪರದೆಯಲ್ಲಿ ಆ ತೆಳು ನೆರಳ ಗೆರೆ, ಅದರ ಪಕ್ಕದಲ್ಲಿ ಉಳಿಯ ಏಟು, ಹಿಂದೆ ಇಡೀ ಆನೆಯ ಸಾಲು ದೂರ ಸರಿಯುತ್ತ ಕರಗಿದೆ. ಸಾಮಾನ್ಯ ವೈಡ್ ಲೆನ್ಸ್ ಇಷ್ಟು ಹತ್ತಿರ ಬಂದರೆ ಮೂಲೆಗಳು ಕಲಸಿಹೋಗುತ್ತವೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಏಳಲು ಜಾಗ ಬೇಕು; ನಿಕಾನಿನ ಎಫ್ ಮೌಂಟಿನಿಂದ ಫಿಲ್ಮಿಗೆ 46.5 ಮಿಲಿಮೀಟರ್. 28 ಎಂಎಂ ಲೆನ್ಸ್ ಅಷ್ಟು ದೂರ ನಿಂತು ಕೆಲಸ ಮಾಡಬೇಕಾದರೆ ಬೆಳಕನ್ನು ಮೊದಲು ಹರಡುವ ಗಾಜು ಮುಂದಿರಬೇಕು. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ಸ್ಟಿಲ್ ಕ್ಯಾಮೆರಾಗಳಿಗೆ ತಂದ ರೆಟ್ರೋಫೋಕಸ್ ಉಪಾಯ ಇದು. ಮುಂದೊಂದು ಹಿಂದೊಂದು ಎಳೆಯುವ ಈ ಅಸಮ ಜೋಡಣೆ ದೂರಕ್ಕೆ ಸರಿಹೊಂದಿದರೆ ಹತ್ತಿರಕ್ಕೆ ಹೊಂದುವುದಿಲ್ಲ. ನಿಕಾನ್ 1967ರಲ್ಲಿ ತನ್ನ 24 ಎಂಎಂ ಲೆನ್ಸಿನಲ್ಲಿ, ಫೋಕಸ್ ಮಾಡುವಾಗ ಗಾಜಿನ ಗುಂಪುಗಳ ನಡುವಿನ ಅಂತರವೂ ಬದಲಾಗುವ ಹಾಗೆ ಮಾಡಿತು. ಸಿಆರ್‌ಸಿ ಎಂದು ಕರೆಯುವ ಆ ಏರ್ಪಾಟೇ ನನ್ನ ಕೈಯಲ್ಲಿರುವ ಎಂಟು ಗಾಜಿನ ಲೆನ್ಸಿನೊಳಗೂ ಇದೆ. ಉಂಗುರ ತಿರುಗಿಸುವಾಗ ಬೆರಳಿಗೆ ಅದೇನೂ ಗೊತ್ತಾಗುವುದಿಲ್ಲ, ಬೆಣ್ಣೆಯಲ್ಲಿ ಚಾಕು ಆಡಿದಂತೆ ಹೋಗುತ್ತದೆ.

ಹೊರಗೆ ಹುಲ್ಲುಹಾಸಿನ ಹತ್ತಿರ ಬಂದಾಗ ಮೊದಲ ಆಘಾತ. ದೂರದ ತೆಂಗಿನ ತಲೆಯೊಂದನ್ನು ಗುರಿಯಿಟ್ಟು ಫೋಕಸ್ ಮಾಡಿ, ಅದನ್ನೇ ನಾಲ್ಕೂ ಮೂಲೆಗೆ ತಂದು ತೆಗೆಯುತ್ತೇನೆ. ಬಿಳಿ ಆಕಾಶದ ಎದುರು ತೆಂಗಿನ ಗರಿಗಿಂತ ನಿಷ್ಠುರವಾದ ಪರೀಕ್ಷೆ ಇಲ್ಲ. ಗರಿಯ ಒಂದು ಅಂಚಿಗೆ ನೇರಳೆ, ಇನ್ನೊಂದಕ್ಕೆ ಹಸಿರು ಹತ್ತಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಬಣ್ಣ ಹೆಚ್ಚಿಲ್ಲ. ಆದರೆ ಗರಿಗಳು ನಾಲ್ಕೂ ಮೂಲೆಯಲ್ಲಿ ಸಡಿಲ. ಎಫ್ 5.6ಕ್ಕೆ ಇಳಿಸಿದರೂ ಹತ್ತಿಯ ಹಾಗೆ. ಎದೆ ಧಸಕ್ಕೆಂದಿತು. ಹತ್ತಿರದಲ್ಲಿ ಅಷ್ಟು ಚೆನ್ನಾಗಿದ್ದ ಲೆನ್ಸ್ ದೂರಕ್ಕೆ ಹೀಗೇಕೆ?

ಬ್ಯಾರೆಲ್ ನೋಡುತ್ತೇನೆ. ತೆಂಗು ಅರ್ಧ ಕಿಲೋಮೀಟರ್ ದೂರದಲ್ಲಿದೆ. ಉಂಗುರ ಮಾತ್ರ ಅನಂತದ ಗುರುತಿಗೆ ಬಂದೇ ಇಲ್ಲ, ಕೆಲವೇ ಮೀಟರಿನ ಜಾಗದಲ್ಲಿ ನಿಂತಿದೆ.

ತಪ್ಪು ಅಡಾಪ್ಟರಿನದು. ಎಫ್ ಮೌಂಟಿನ ಲೆನ್ಸನ್ನು ನನ್ನ ಝಡ್ ಮೌಂಟಿನ ಮಿರರ್‌ಲೆಸ್ ಮೇಲೆ ಕೂರಿಸಲು 30.5 ಮಿಲಿಮೀಟರಿನ ಉಂಗುರ ಬೇಕು. ಅಗ್ಗದ ಅಡಾಪ್ಟರುಗಳನ್ನು ಒಂದು ಎಳೆ ತೆಳ್ಳಗೆ ಮಾಡುವುದುಂಟು, ಅನಂತ ಫೋಕಸ್ ಸಿಗದೆ ಹೋಗದಿರಲಿ ಅಂತ. ಮಿಲಿಮೀಟರಿನ ಹತ್ತನೆಯ ಒಂದು ಭಾಗ ಕಡಿಮೆಯಾದರೂ ಸಾಕು, 28 ಎಂಎಂ ಲೆನ್ಸಿನ ಅನಂತ ಎಂಟು ಮೀಟರಿನ ಜಾಗಕ್ಕೆ ಬಂದು ಕೂರುತ್ತದೆ. ಸಾದಾ ಲೆನ್ಸಾದರೆ ನಷ್ಟವಿಲ್ಲ, ಅಲ್ಲೇ ಫೋಕಸ್ ಮಾಡಿಕೊಳ್ಳಬಹುದು. ಇದರಲ್ಲಿ ಹಾಗಲ್ಲ. ಉಂಗುರ ಹತ್ತಿರದ ಗುರುತಿನಲ್ಲಿದ್ದರೆ ಒಳಗಿನ ಗಾಜುಗಳೂ ಹತ್ತಿರದ ವಸ್ತುವಿಗೆ ತಕ್ಕಂತೆ ನಿಂತಿರುತ್ತವೆ. ಅವು ಎಂಟು ಮೀಟರಿಗೆ ತಯಾರಾಗಿವೆ, ನಾನು ತೋರಿಸುತ್ತಿರುವುದು ದಿಗಂತ. ಮೂಲೆಗಳು ಅದಕ್ಕೇ ಅಳುತ್ತಿವೆ.

ಚೀಲದಲ್ಲಿ ಇನ್ನೊಂದು ಅಡಾಪ್ಟರ್ ಇದೆ. ಹಾಕಿ, ಉಂಗುರವನ್ನು ಅನಂತದವರೆಗೆ ತಿರುಗಿಸಿದರೆ ಗುರುತಿನ ಮೇಲೆಯೇ ಗರಿ ನೆಟ್ಟಗಾಗುತ್ತದೆ. ಮತ್ತೆ ನಾಲ್ಕು ಮೂಲೆ. ಎಫ್ 2.8ರಲ್ಲಿ ತುದಿಗಳು ಮೆದು, ನೆರಳೂ ಕವಿದಿದೆ, ಎಫ್ 5.6ಕ್ಕೆ ಬಂದರೆ ಒಂದೊಂದು ಗರಿಯೂ ಬೇರೆ ಬೇರೆ. ಎಷ್ಟು ಜನ ಇಂಥ ಒಳ್ಳೆಯ ಲೆನ್ಸನ್ನು ಒಂದು ತೆಳು ಲೋಹದ ಉಂಗುರದ ತಪ್ಪಿಗೆ ಬೈದು ಮಾರಿಬಿಟ್ಟಿರಬಹುದು ಅನ್ನಿಸಿ ಹೊಟ್ಟೆ ಉರಿಯಿತು.

ಇನ್ನು ಹುಲ್ಲು. ಕ್ಯಾಮೆರಾವನ್ನು ಸೊಂಟದ ಎತ್ತರದಲ್ಲಿ ಹಿಡಿದು, ಕೊಂಚ ಕೆಳಗೆ ಬಾಗಿಸಿ, ಎಫ್ 2.8ರಲ್ಲಿ ನಡುವೆ ಮೂರು ಮೀಟರಿಗೆ ಫೋಕಸ್ ಮಾಡಿ ಬರೀ ಹುಲ್ಲುಹಾಸನ್ನು ತೆಗೆಯುತ್ತೇನೆ. ಶಾರ್ಪ್ ಆಗಿರುವ ಹುಲ್ಲಿನ ಎಸಳುಗಳು ಚಿತ್ರದಲ್ಲಿ ಅಡ್ಡಕ್ಕೆ ಒಂದು ಪಟ್ಟಿಯಾಗಿ ಕಾಣುತ್ತವೆ. ಪಟ್ಟಿ ನೇರವಾಗಿದ್ದರೆ ಫೋಕಸ್ ತಲ ಚಪ್ಪಟೆ. ಇಲ್ಲಿ ಎರಡೂ ತುದಿ ಸ್ವಲ್ಪವೇ ನನ್ನ ಕಡೆಗೆ ಬಾಗಿದೆ, ತಟ್ಟೆಯ ಅಂಚಿನಂತೆ. ಅಂದರೆ ನಡುವಿಗೆ ಫೋಕಸ್ ಮಾಡಿದಾಗ ಮೂಲೆ ಮೆದುವಾಗಿ ಕಂಡರೆ ಅಲ್ಲಿ ಲೆನ್ಸಿಗೆ ಬಲವಿಲ್ಲ ಎಂದಲ್ಲ, ಅದರ ಬಲ ಒಂದು ಅಡಿ ಈಚೆಗೆ ನಿಂತಿದೆ. ಎಡ-ಬಲ ಒಂದೇ ಸಮ ಬಾಗಿದೆ ಅನ್ನುವುದು ನನಗೆ ಇನ್ನೂ ದೊಡ್ಡ ಸಮಾಧಾನ. ಅಜ್ಜಿಯ ಮುಖ ಕಲಸಿದ ಆ ಲೆನ್ಸಿನಲ್ಲಿ ಈ ಪಟ್ಟಿ ಒಂದು ಬದಿಗೆ ಓಡಿಹೋಗುತ್ತಿತ್ತು.

ಒಳಗೆ ನವರಂಗದಲ್ಲಿ ಸ್ವಲ್ಪ ಹೊತ್ತು. ಕಡೆದ ಕಂಬಗಳ ಮೇಲೆ ಬಾಳೆಮೊಗ್ಗಿನ ಭುವನೇಶ್ವರಿ ಛಾವಣಿ, ಬಾಗಿಲಿನಿಂದ ನುಗ್ಗುವ ಬೆಳಕು ಚೌಕಟ್ಟಿನ ತುದಿಗೇ ಬಡಿಯುತ್ತದೆ. ಫ್ಲೇರ್ ಒಂದು ಸಣ್ಣ ಹಸಿರು ಚುಕ್ಕೆ, ಕಪ್ಪು ಕಪ್ಪಾಗಿಯೇ ಉಳಿದಿದೆ. ಹೊರಗಿನ ಕೈಸಾಲೆಯ ಸೂರಿನ ಗೆರೆಯನ್ನು ಚೌಕಟ್ಟಿನ ಮೇಲಂಚಿಗೆ ತಾಗಿಸಿ ನೋಡಿದೆ, ಬಾಗು ಇದೆಯೋ ಇಲ್ಲವೋ ಅನ್ನುವಷ್ಟು. ಅಲ್ಲೇ ಒಂದು ಕುಟುಂಬ ತಮ್ಮ ಫೋಟೊ ತೆಗೆದುಕೊಡಿ ಎಂದಿತು. ತುದಿಯಲ್ಲಿ ನಿಂತ ಹುಡುಗನ ಮುಖ ಪರದೆಯಲ್ಲಿ ಅಗಲಕ್ಕೆ ಎಳೆದಂತಿದೆ. ಇದನ್ನು ಲೆನ್ಸಿನ ದೋಷ ಎನ್ನಬಾರದು. 74 ಡಿಗ್ರಿಯ ನೋಟವನ್ನು ಚಪ್ಪಟೆ ಚೌಕಟ್ಟಿಗೆ ಹಾಸಿದರೆ ಅಂಚು ಹಿಗ್ಗಲೇಬೇಕು. ಹುಡುಗನನ್ನು ಅಮ್ಮನ ಮುಂದೆ ನಡುವಿಗೆ ನಿಲ್ಲಿಸಿ ಮತ್ತೆ ತೆಗೆದೆ.

ಬನ್ನೂರು ದಾಟಿ ಮೈಸೂರಿಗೆ ಬರುವಾಗ ಬಿಸಿಲು ಇಳಿದಿತ್ತು. ಏಳು ಗಂಟೆ. ಅರಮನೆಯ ಅಂಗಳದಲ್ಲಿ ಜನ ಮೊಬೈಲ್ ಎತ್ತಿ ಕಾಯುತ್ತಿದ್ದಾರೆ. ಹೆನ್ರಿ ಇರ್ವಿನ್ ವಿನ್ಯಾಸದ, 1912ರಲ್ಲಿ ಮುಗಿದ ಆ ಕಟ್ಟಡ ಒಂದು ಕ್ಷಣ ಕಪ್ಪು ಆಕೃತಿ. ಮರುಕ್ಷಣ ಲಕ್ಷದ ಹತ್ತಿರದ ಬಲ್ಬುಗಳು ಒಟ್ಟಿಗೇ ಹೊತ್ತಿ ಅಂಗಳವೆಲ್ಲ ‘ಹೋ’ ಎನ್ನುತ್ತದೆ. ನನಗೂ ಮೈ ಝುಂ ಎನ್ನುತ್ತದೆ, ಎಷ್ಟನೇ ಸಲವಾದರೂ. ಒಂದೊಂದು ಬಲ್ಬೂ ಕತ್ತಲಲ್ಲಿ ಒಂದು ಚುಕ್ಕಿ. ಚುಕ್ಕಿ ಚುಕ್ಕಿಯಾಗಿಯೇ ಉಳಿಯಬೇಕು, ಲೆನ್ಸಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ಎಫ್ 2.8ರಲ್ಲಿ ನಡುವಿನ ಗೋಪುರದ ದೀಪಗಳು ಸೂಜಿಮೊನೆ. ಮೂಲೆಗೆ ಬಂದಂತೆ ಒಂದೊಂದಕ್ಕೂ ಪುಟ್ಟ ರೆಕ್ಕೆ ಮೂಡುತ್ತದೆ, ಹಾರುವ ಹಕ್ಕಿಯ ಹಾಗೆ. ಇದಕ್ಕೇ ಕೋಮಾ ಅನ್ನುವುದು. ಎಫ್ 4ಕ್ಕೆ ರೆಕ್ಕೆ ಮಡಚುತ್ತದೆ, 5.6ಕ್ಕೆ ಚುಕ್ಕಿ. ಕ್ಯಾಮೆರಾವನ್ನು ಒಂದು ಕಟ್ಟೆಯ ಮೇಲಿಟ್ಟು ಎಫ್ 16ಕ್ಕೆ ಹೋದರೆ ಪ್ರತಿ ದೀಪಕ್ಕೂ ಹದಿನಾಲ್ಕು ಕಿರಣ, ಏಳು ಬ್ಲೇಡಿನ ಲೆಕ್ಕ. ಚಂದ ಹೌದು. ಆದರೆ 22ಕ್ಕೆ ಹೋಗುವುದಿಲ್ಲ: ಅಲ್ಲಿ ಬೆಳಕೇ ಹರಡಿ ಒಂದು ಬಿಂದು ಸುಮಾರು 30 ಮೈಕ್ರಾನ್ ಅಗಲವಾಗುತ್ತದೆ, ನನ್ನ ಸೆನ್ಸರಿನ ಐದು ಪಿಕ್ಸೆಲ್ ಅಗಲ. ಯಾವ ಲೆನ್ಸೂ ಅದನ್ನು ಮೀರಲಾರದು.

ಹನ್ನೊಂದೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಮಾನಿಟರಿನಲ್ಲಿ ಬೆಳಗಿನ ನಾಲ್ಕು ಚಿತ್ರಗಳನ್ನು ಅಕ್ಕಪಕ್ಕ ತೆರೆದು ಮೂಲೆಗಳನ್ನು ನೂರಕ್ಕೆ ನೂರು ಗಾತ್ರದಲ್ಲಿ ನಿಲ್ಲಿಸುತ್ತೇನೆ. ಮೇಲಿನ ಎಡದಲ್ಲಿ ‘ಮ’ದ ಬಾಗಿನೊಳಗೆ ಉಳಿ ಜಾರಿದ ಸಣ್ಣ ಗೀರು ಕೂಡ ಇದೆ. ಮೇಲಿನ ಬಲ, ಕೆಳಗಿನ ಬಲ, ಅಷ್ಟೇ ಚೆನ್ನು. ಕೆಳಗಿನ ಎಡದಲ್ಲಿ ಎಫ್ 2.8ರ ಅಕ್ಷರ ಓದಬಹುದು, ಗೀರು ಕಾಣುವುದಿಲ್ಲ. ಅದೇ ಮೂಲೆಯನ್ನು ಎಫ್ 5.6ರಲ್ಲೂ ತೆಗೆದಿದ್ದೆ, ಆ ಚಿತ್ರ ತೆರೆಯುತ್ತೇನೆ. ಗೀರು ಬಂತು.

ನಲವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ವಿನ್ಯಾಸದ ಲೆನ್ಸಿನಲ್ಲಿ ಒಂದು ಮೂಲೆ ಒಂದು ಕೂದಲು ಹಿಂದೆ ಇರುವುದನ್ನು ನಾನು ಒಪ್ಪುತ್ತೇನೆ. ಯಾವ ಮೂಲೆ, ಯಾವ ಅಪರ್ಚರಿನವರೆಗೆ ಅನ್ನುವುದು ಈಗ ಗೊತ್ತಿದೆ. ಇನ್ನು ಮನೆಮಂದಿಯನ್ನು ನಿಲ್ಲಿಸಿದಾಗ ಐದು ದಶಾಂಶ ಆರು. ಅಂಗಡಿಯವರಿಗೆ ಈಗಲೇ ಮೆಸೇಜ್ ಹಾಕುತ್ತೇನೆ, ಲೆನ್ಸ್ ವಾಪಸ್ ಬರುವುದಿಲ್ಲ. ಆಮೇಲೆ ಮತ್ತೆ ಆ ಅಕ್ಷರಗಳಿಗೆ ಮರಳಿ, ಬಿಸಿಲು ಬಿದ್ದ ಅಂಚನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತೇನೆ.