ನೆಲದಡಿಯ ನಿಧಿಯನ್ನರಸಿ

ಬೀದರಿಗೆ ಬರುವ ಪ್ರವಾಸಿಗನು ಕೋಟೆಯನ್ನೂ, 1472ರ ಮಹಮೂದ್ ಗವಾನನ ಮದರಸಾವನ್ನೂ, ಅಷ್ಟೂರಿನ ಗುಂಬಜುಗಳನ್ನೂ ನೋಡಿ, ಬಿದರಿ ಕೆಲಸದ ಹೂದಾನಿಯೊಂದನ್ನು ಕೊಂಡು ಹಿಂದಿರುಗುವುದು ವಾಡಿಕೆ. ಆದರೆ ಈ ಊರಿನ ಅತ್ಯಂತ ಸೋಜಿಗದ ನಿರ್ಮಾಣವು ಸುಲಭವಾಗಿ ಕಣ್ಣಿಗೆ ಬೀಳುವಂಥದಲ್ಲ; ಅದಿರುವುದು ಆತನ ಕಾಲಡಿಯಲ್ಲಿ.

2000ದ ಮೇ ತಿಂಗಳಲ್ಲಿ ಅಮೆರಿಕದ ಆರಿಗನ್ ಪ್ರಾಂತದಲ್ಲಿ ಒಂದು ಹೊಸ ಆಟ ಹುಟ್ಟಿತು. ಒಬ್ಬನು ಕಾಡಿನಲ್ಲಿ ಕೆಲವು ವಸ್ತುಗಳನ್ನು ಹುದುಗಿಸಿ, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಪ್ರಕಟಿಸುವುದು. ಉಳಿದವರು ಉಪಗ್ರಹದ ನೆರವಿನಿಂದ ಅದನ್ನು ಹುಡುಕುವುದು. ಜಿಯೋಕ್ಯಾಷಿಂಗ್ ಎಂಬ ಈ ಆಟ ಇಂದು ಮರಳುಗಾಡುಗಳನ್ನೂ ಬಿಟ್ಟಿಲ್ಲ.

ಬೀದರಿನ ಇಬ್ಬರು, ರೈಲಿನಲ್ಲಿ ಬಂದ ಭಾಲ್ಕಿಯ ಇಬ್ಬರು, ಬಸ್ಸಿನಲ್ಲಿ ಬಂದ ಔರಾದಿನ ಒಬ್ಬ — ಹೀಗೆ ಐವರು ಗೆಳೆಯರು ಒಂದು ಭಾನುವಾರ ನೌಬಾದಿನಲ್ಲಿ ಕೂಡಿ ಇಂಥದೇ ಶೋಧಕ್ಕೆ ಹೊರಟರು. ಅವರ ನಿಧಿಯನ್ನು ಹುದುಗಿಸಿದವರು ಮಾತ್ರ ಬಹಮನಿ ಕಾಲದ ಜನ. ಅದರ ಹೆಸರು ಕಾರೇಜ್. ಆಡುಮಾತಿನಲ್ಲಿ ಸುರಂಗ ಬಾವಿ.

ಈ ವಿದ್ಯೆಯ ತವರು ಪರ್ಷಿಯಾದ ಮರುಭೂಮಿ. ಎತ್ತರದ ನೆಲದಲ್ಲಿ ಒಂದು ತಾಯಿಬಾವಿಯನ್ನು ತೋಡಿ, ಅಲ್ಲಿಂದ ಮೆಲ್ಲನೆ ಇಳಿಯುವ ಸುರಂಗವನ್ನು ಕೊರೆದರೆ, ಅಂತರ್ಜಲವು ಯಂತ್ರವಿಲ್ಲದೆ ತಾನಾಗಿಯೇ ಹರಿದುಬರುತ್ತದೆ. ಮಣ್ಣೆತ್ತಲೂ ಗಾಳಿಯಾಡಲೂ ನಡುನಡುವೆ ನೆಟ್ಟನೆಯ ಬಾವಿಗಳನ್ನು ತೋಡುತ್ತಾರೆ. ಬೀದರಿನ ಕೆಂಪು ಜಂಬಿಟ್ಟಿಗೆ ಮಳೆನೀರನ್ನು ಹೀರುತ್ತದೆ. ಅದರಡಿಯ ಗಟ್ಟಿ ಕಪ್ಪುಶಿಲೆ ಆ ನೀರನ್ನು ತಡೆಯುತ್ತದೆ. ನಾನಕ್ ಝೀರಾದ ಒರತೆ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹನ ಗುಹೆ, ಎರಡೂ ಇದೇ ನೆಲದ ಪ್ರಸಾದ.

ನೌಬಾದಿನ ಸುರಂಗದ ಉದ್ದ 2 ಕಿಲೊಮೀಟರಿಗೂ ಹೆಚ್ಚು. ಅದರ ಬಾಯಿಗಳು 21 ಎಂದು ಎಣಿಕೆ. ಭೂಗೋಳ ವಿದ್ವಾಂಸ ಗೋವಿಂದನ್‌ಕುಟ್ಟಿ ಇದರ ನಕ್ಷೆ ತಯಾರಿಸಿದರು. 2010ರ ದಶಕದಲ್ಲಿ ಹೂಳೆತ್ತುವ ಕೆಲಸವೂ ನಡೆಯಿತು.

ಮೊಬೈಲನ್ನು ಹಿಡಿದು ಗೆಳೆಯರು ಹೊಲದ ಬದುಗಳ ಮೇಲೆ ಅಲೆದರು. ಮೊದಲನೆಯ ಬಾಯಿ ಸುಲಭವಾಗಿ ಸಿಕ್ಕಿತು. ಮುಂದಿನದು ಮುಳ್ಳುಕಂಟಿಯಲ್ಲಿ ಮರೆಯಾಗಿತ್ತು. ಎಮ್ಮೆ ಮೇಯಿಸುತ್ತಿದ್ದ ಮುದುಕನೊಬ್ಬ, “ಏನ್ ಹುಡುಕ್ಲತ್ತೀರಿ ತಮ್ಮಾ? ಅದು ಬರೇ ಬಾವಿ ಅಲ್ಲ, ನೆಲದ ಮೂಗು ಅದ” ಎಂದು ದಾರಿ ತೋರಿಸಿದ. ಮಧ್ಯಾಹ್ನ ಬೇವಿನ ನೆರಳಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಬಿಚ್ಚಿತು. ಸಂಜೆಯ ಹೊತ್ತಿಗೆ ಒಂಬತ್ತು ಬಾಯಿಗಳು ದೊರೆತಿದ್ದವು. ಹತ್ತನೆಯದೆಂದು ಅವರು ಎಣಿಸಿದ್ದ ಸ್ಥಳದಲ್ಲಿ ಸಮತಟ್ಟಾದ ಮಣ್ಣು, ನಿವೇಶನದ ಗಡಿಗಲ್ಲು.

ಔರಾದಿನ ಗೆಳೆಯ ಅಲ್ಲಿ ಬಹಳ ಹೊತ್ತು ನಿಂತ. ಅವನ ಊರಿನಲ್ಲಿ ಬೇಸಿಗೆಗೆ ಕೊಳವೆಬಾವಿ ಬತ್ತಿದರೆ ಹೆಂಗಸರು ಕೊಡಗಳನ್ನು ಸಾಲಾಗಿರಿಸಿ ಟ್ಯಾಂಕರಿನ ಹಾದಿ ಕಾಯುತ್ತಾರೆ. ಇಲ್ಲಿ ಅರಸರು ಬಿಟ್ಟುಹೋದ ನೀರಿನ ದಾರಿಗೆ ಜನ ಮಣ್ಣು ತುಂಬುತ್ತಿದ್ದಾರೆ. ಒಂದು ಬಾಯಿ ಮುಚ್ಚಿದರೆ ಗಾಳಿ ಕಟ್ಟುತ್ತದೆ, ಹೂಳೆತ್ತುವ ದಾರಿ ತಪ್ಪುತ್ತದೆ. ಸುತ್ತಲೂ ಕೊಳವೆಬಾವಿ ಹೆಚ್ಚಿದರೆ ಒರತೆಯೇ ಇಳಿದುಹೋಗುತ್ತದೆ.

ಬೀದರಿಗೆ ಹೋಗುವವರು ಅರ್ಧ ದಿನವನ್ನು ನೌಬಾದಿಗೆ ಮೀಸಲಿಡಬೇಕು. ಮಕ್ಕಳಿದ್ದರೆ ಕೈಹಿಡಿದೇ ನಡೆಸಬೇಕು. ಈ ಬಾವಿಗಳು ಆಳವಾದವು. ನಿಧಿ ಹುಡುಕುವ ಆಟಕ್ಕೆ ಒಂದು ನಿಯಮವುಂಟು: ಕಂಡುದನ್ನು ಮುಂದೆ ಬರುವವರಿಗಾಗಿ ಅಲ್ಲಿಯೇ ಉಳಿಸಿ ಬರಬೇಕು. ನೀರಿನ ವಿಷಯದಲ್ಲಿ ಅದು ಬರಿಯ ಆಟದ ನಿಯಮವಲ್ಲ.