ಪೇಟಿ ಕೇಳಲೇ ಇಲ್ಲ

2020ರ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಲ್ಯಾಪ್‌ಟಾಪಿನೊಳಗೇ ನಡೆಯಿತು. ಹಾಲ್ ಬುಕಿಂಗ್ ಇಲ್ಲ, ಊಟದ ಕೂಪನ್ ಇಲ್ಲ. "ನೀವು ಐಟಿಯವರು, ನಿಮಗೆ ಇದೆಲ್ಲ ಗೊತ್ತಿರುತ್ತೆ" ಎಂದು ಕಾರ್ಯದರ್ಶಿಗಳು ನೇರಪ್ರಸಾರದ ಹೊಣೆಯನ್ನೂ, ಇಪ್ಪತ್ತು ನಿಮಿಷ ಹಾಡುವ ಹೊಣೆಯನ್ನೂ ನನ್ನ ತಲೆಗೇ ಕಟ್ಟಿದರು. ನನ್ನದು ಡೇಟಾಬೇಸ್ ಕೆಲಸ. ಆದರೆ ಐಟಿ ಅಂದಮೇಲೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲವೂ ಬರಲೇಬೇಕಲ್ಲ!

ಪುಣೆಯ ಫ್ಲ್ಯಾಟಿನಲ್ಲಿ ನನ್ನ ಹತ್ತಿರ ನಿಜವಾದ ಪೇಟಿ ಇಲ್ಲ. ಅದು ಧಾರವಾಡದಲ್ಲಿ ಅಪ್ಪನ ಬಳಿ ಇದೆ. (ಹಾರ್ಮೋನಿಯಂ ನಮ್ಮ ಕಡೆಯೂ ಪೇಟಿಯೇ, ಇಲ್ಲಿನ ಮರಾಠಿಯವರಿಗೂ ಪೇಟಿಯೇ. ಹೊಸದಾಗಿ ಬಂದಾಗ ಈ ಒಂದು ಪದದಿಂದಲೇ ಊರು ಹತ್ತಿರ ಅನ್ನಿಸಿತ್ತು.) ನನ್ನಲ್ಲಿರುವುದು ಪುಟ್ಟ ಮಿಡಿ ಕೀಬೋರ್ಡು. ಅದನ್ನು ಮ್ಯಾಕ್‌ಗೆ ಸಿಕ್ಕಿಸಿ, ಗ್ಯಾರೇಜ್‌ಬ್ಯಾಂಡಿನಲ್ಲಿ ಹಾರ್ಮೋನಿಯಂ ಪ್ಲಗಿನ್ ಹಾಕಿಕೊಂಡು ರಾತ್ರಿ ಹೆಡ್‌ಫೋನಿನಲ್ಲಿ ನುಡಿಸುತ್ತೇನೆ. ಪಕ್ಕದ ಮನೆಯವರಿಗೂ ತೊಂದರೆಯಿಲ್ಲ.

ಅಂದೂ ಹಾಗೆಯೇ ಕೂತೆ. ಒಬಿಎಸ್‌ನಲ್ಲಿ ಪ್ರಸಾರ ಶುರು ಮಾಡಿದೆ. ಕ್ಯಾಮೆರಾ ನನ್ನ ಮುಖದ ಮೇಲೆ, ಮೈಕ್ ಎದುರಿಗೆ. ಬೇಂದ್ರೆಯವರ ಎರಡು ಹಾಡು, ಒಂದು ವಚನ. ಹೆಡ್‌ಫೋನಿನಲ್ಲಿ ಪೇಟಿ ಎಷ್ಟು ಚೆನ್ನಾಗಿ ತುಂಬಿಕೊಂಡಿತ್ತೆಂದರೆ, ನಾನೂ ಮೈಮರೆತು ಹಾಡಿದೆ. ಮುಗಿಸಿ ಫೋನ್ ನೋಡಿದರೆ ಕಾರ್ಯದರ್ಶಿಗಳ ಒಂಬತ್ತು ಮಿಸ್ಡ್ ಕಾಲ್. "ಮೇಡಂ, ಮ್ಯೂಸಿಕ್ ಬರ್ತಾ ಇಲ್ಲ" ಎಂದು ಮೊದಲ ಹಾಡಿನಿಂದಲೇ ಮೆಸೇಜುಗಳ ಸಾಲು. ಜನರಿಗೆ ಕೇಳಿದ್ದು ನನ್ನ ದನಿ ಮತ್ತು ಪ್ಲಾಸ್ಟಿಕ್ ಮನೆಗಳ ಟಕಾಟಕಾ ಅಷ್ಟೆ.

ಆಮೇಲೆ ಅಪ್ಪನ ಫೋನ್ ಬಂತು. ಐವತ್ತು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟ ಮನುಷ್ಯ; ನನ್ನ ಹಾಡಿಗೆ "ಹೂಂ" ಎಂಬುದರ ಆಚೆ ಏನನ್ನೂ ಹೇಳಿದವರಲ್ಲ.

"ಛಲೋ ಹಾಡಿದಿ. ಪೇಟಿ ಬಿಟ್ಟು ಹಾಡೋ ಧೈರ್ಯ ಮಾಡಿದೆಲಾ, ಶ್ರುತಿ ಎಲ್ಲೂ ಜಾರಿಲ್ಲ ನೋಡವಾ. ಅದೇನದು ನಡುವ ಟಕಾಟಕಾ ಸಪ್ಪಳ?"

"ಫ್ಯಾನು, ಅಪ್ಪಾ" ಅಂದುಬಿಟ್ಟೆ.

ಮೂವತ್ತು ವರ್ಷ ಕಾದು ಸಿಕ್ಕ ಹೊಗಳಿಕೆ. ಕೈಬಿಡಲು ಮನಸ್ಸು ಬರಲಿಲ್ಲ.

ತಪ್ಪು ಎಲ್ಲಿ ಎಂದು ಆ ರಾತ್ರಿಯೇ ಹುಡುಕಿದೆ. ಕಾರಣ ಎಷ್ಟು ಸರಳವಾಗಿತ್ತೆಂದರೆ ನಾಚಿಕೆಯಾಯಿತು. ಸಂಗೀತದ ಸಾಫ್ಟ್‌ವೇರ್ ತನ್ನ ದನಿಯನ್ನು ಸ್ಪೀಕರಿಗೋ ಹೆಡ್‌ಫೋನಿಗೋ ಕಳಿಸುತ್ತದೆ, ಅಂದರೆ ಹೊರಹೋಗುವ ದಾರಿಗೆ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಕಿವಿಗೊಡುವುದು ಮೈಕಿನಂಥ ಒಳಬರುವ ದಾರಿಗೆ. ಎರಡರ ನಡುವೆ ತಂತಿಯೇ ಇಲ್ಲ. ಆಗಿನ ಮ್ಯಾಕ್‌ನಲ್ಲಿ ಕ್ವಿಕ್‌ಟೈಮಿನಿಂದ ಸ್ಕ್ರೀನ್ ರೆಕಾರ್ಡ್ ಮಾಡಿದರೂ ಇದೇ ಕಥೆ: ಚಿತ್ರ ಬರುತ್ತದೆ, ಮೈಕಿನ ದನಿ ಬರುತ್ತದೆ, ಒಳಗಿನ ಸಂಗೀತ ಮಾತ್ರ ಬರುವುದಿಲ್ಲ. ಸ್ಪೀಕರಿನಲ್ಲಿ ನುಡಿಸಿದ್ದರೆ ಮೈಕು ಅಷ್ಟಿಷ್ಟು ಹಿಡಿಯುತ್ತಿತ್ತು. ನಾನು ಜಾಣತನಕ್ಕೆ ಹೆಡ್‌ಫೋನ್ ಹಾಕಿಕೊಂಡಿದ್ದೆ!

ಇಲ್ಲದ ತಂತಿಯನ್ನು ಸಾಫ್ಟ್‌ವೇರಿನಲ್ಲೇ ಎಳೆಯಬೇಕು. ಅದಕ್ಕೆ ಬ್ಲ್ಯಾಕ್‌ಹೋಲ್ ಎಂಬ ಉಚಿತ ಡ್ರೈವರ್ ಇದೆ. ಹಿಂದೆ ಸೌಂಡ್‌ಫ್ಲವರ್ ಇದೇ ಕೆಲಸ ಮಾಡುತ್ತಿತ್ತು. ಇದು ಕಂಪ್ಯೂಟರಿಗೆ ಸ್ಪೀಕರಿನಂತೆಯೂ ಕಾಣುತ್ತದೆ, ಮೈಕಿನಂತೆಯೂ ಕಾಣುತ್ತದೆ. ಒಂದು ತುದಿಯಲ್ಲಿ ಸುರಿದದ್ದು ಇನ್ನೊಂದು ತುದಿಯಲ್ಲಿ ಬರುತ್ತದೆ. ಆದರೆ ಗ್ಯಾರೇಜ್‌ಬ್ಯಾಂಡನ್ನು ನೇರವಾಗಿ ಅದಕ್ಕೇ ತಿರುಗಿಸಿದಾಗ ಒಬಿಎಸ್‌ಗೆ ಪೇಟಿ ಕೇಳಿತು, ನನಗೆ ಕೇಳುವುದು ನಿಂತಿತು. ಎಲ್ಲ ನೀರನ್ನೂ ಪಕ್ಕದ ಮನೆ ಟ್ಯಾಂಕಿಗೆ ಬಿಟ್ಟಂತಾಯಿತು. ಆಗ ಮ್ಯಾಕ್‌ನ ಆಡಿಯೊ ಮಿಡಿ ಸೆಟಪ್ಪಿಗೆ ಹೋಗಿ ಮಲ್ಟಿ-ಔಟ್‌ಪುಟ್ ಡಿವೈಸ್ ಒಂದನ್ನು ಮಾಡಿದೆ. ಅದರಲ್ಲಿ ಹೆಡ್‌ಫೋನ್, ಬ್ಲ್ಯಾಕ್‌ಹೋಲ್ ಎರಡಕ್ಕೂ ಟಿಕ್, ಬ್ಲ್ಯಾಕ್‌ಹೋಲಿನ ಎದುರು ಡ್ರಿಫ್ಟ್ ಕರೆಕ್ಷನ್‌ಗೂ ಟಿಕ್. ಗ್ಯಾರೇಜ್‌ಬ್ಯಾಂಡಿನ ಔಟ್‌ಪುಟ್ ಇದಕ್ಕೆ. ಒಬಿಎಸ್‌ನಲ್ಲಿ ಎರಡು ಆಡಿಯೊ ಇನ್‌ಪುಟ್: ಒಂದು ಮೈಕ್, ಒಂದು ಬ್ಲ್ಯಾಕ್‌ಹೋಲ್. ಹೀಗೆ ಮಾಡಿದ ಮೇಲೆ ಕೀಬೋರ್ಡಿನ ವಾಲ್ಯೂಮ್ ಬಟನ್ನುಗಳು ಕೆಲಸ ಮಾಡುವುದಿಲ್ಲ. ಕೆಟ್ಟಿದೆಯೆಂದು ಗಾಬರಿಯಾಗಬೇಡಿ, ಈ ವ್ಯವಸ್ಥೆಯೇ ಹಾಗೆ.

ನಂತರ ಸ್ಯಾಂಪಲ್ ರೇಟಿನ ಕಾಟ. ಗ್ಯಾರೇಜ್‌ಬ್ಯಾಂಡಿನದು 44.1 ಕಿಲೋಹರ್ಟ್ಸ್, ನನ್ನ ಒಬಿಎಸ್‌ನಲ್ಲಿದ್ದದ್ದು 48. ಹೊಂದಾಣಿಕೆ ತಪ್ಪಿದರೆ ಚಿಟಚಿಟ ಸದ್ದು ಬರಬಹುದು. ಎಲ್ಲೋ ಒಂದು ಕಡೆ 44.1ರದ್ದನ್ನು 48ರ ವೇಗದಲ್ಲಿ ಓದಿಬಿಟ್ಟರೆ ಶ್ರುತಿಯೇ ಸುಮಾರು ಒಂದೂವರೆ ಸೆಮಿಟೋನ್ ಏರುತ್ತದೆ. ಅಪ್ಪನಿಗೆ ಕಾಲು ಭಾಗ ಏರಿದರೂ ಗೊತ್ತಾಗುತ್ತದೆ. ಎಲ್ಲ ಕಡೆಯೂ 44.1 ಮಾಡಿದೆ, ಸರಿಹೋಯಿತು.

ವಿಂಡೋಸ್‌ನವರಿಗೆ ಒಂದು ಮಾತು: ನಿಮ್ಮ ಸಂಗೀತದ ಸಾಫ್ಟ್‌ವೇರ್ ಎಎಸ್‌ಐಒ ಡ್ರೈವರ್ ಬಳಸುತ್ತಿದ್ದರೆ ಅದು ವಿಂಡೋಸ್‌ನ ಮಿಕ್ಸರನ್ನು ದಾಟಿ ನೇರ ಸೌಂಡ್ ಕಾರ್ಡಿನೊಡನೆ ಮಾತಾಡುತ್ತದೆ. ಆಗ ಒಬಿಎಸ್‌ನ ಡೆಸ್ಕ್‌ಟಾಪ್ ಆಡಿಯೊಗೆ ಸಾಮಾನ್ಯವಾಗಿ ಏನೂ ಕೇಳುವುದಿಲ್ಲ. ಅಲ್ಲಿ ವಿಬಿ-ಕೇಬಲ್‌ನಂಥದ್ದು ಬೇಕಾಗುತ್ತದೆ. ಮ್ಯಾಕ್‌ನಲ್ಲಿ ಈಗ ಆವೃತ್ತಿ 13ರಿಂದೀಚೆಗೆ ಒಬಿಎಸ್ ತಾನೇ ಆ್ಯಪಿನ ದನಿ ಹಿಡಿಯಬಲ್ಲದು. ನನಗೆ ಮಾತ್ರ ಹಳೆಯ ತಂತಿಯೇ ಕೈಗೆ ಹತ್ತಿದೆ.

ಹೋದ ವರ್ಷದಿಂದ ಅಪ್ಪನ ಬೆರಳು ನಡುಗುತ್ತಿವೆ. ಪೇಟಿಗೆ ಬಟ್ಟೆ ಹೊದಿಸಿ ಇಟ್ಟಿದ್ದಾರೆ. ತಮ್ಮ ಶಿಷ್ಯರಿಗಾಗಿ ಪಾಠಗಳನ್ನು ಪೇಟಿಯೊಂದಿಗೆ ರೆಕಾರ್ಡ್ ಮಾಡಿ ಕೊಡೆಂದು ಅವರಾಗಿ ಕೇಳಿದರು. ಮೊದಲ ಪಾಠ ಭೂಪ್‌ನದು. ಪರದೆಯ ಮೇಲೆ ಒತ್ತಿದ ಮನೆ ಕಾಣುತ್ತದೆ, ಪೇಟಿ ಕೇಳುತ್ತದೆ, ನನ್ನ ದನಿಯೂ ಇದೆ. ಕಳಿಸುವ ಮುನ್ನ ಫೋನ್ ಮಾಡಿ ಹೇಳಿಬಿಟ್ಟೆ, "ಅಪ್ಪಾ, ಅವತ್ತು ರಾಜ್ಯೋತ್ಸವದಾಗ ನಾ ಪೇಟಿ ನುಡಿಸಿದ್ದೆ. ನಿಮಗ ಕೇಳಿಸಲಿಲ್ಲ ಅಷ್ಟ. ಅದು ಫ್ಯಾನಿನ ಸಪ್ಪಳ ಅಲ್ಲ."

"ಗೊತ್ತೈತಿ" ಅಂದರು. "ನವೆಂಬರದಾಗ ಯಾರು ಫ್ಯಾನ್ ಹಚ್ಚತಾರ?"

ರೆಕಾರ್ಡಿಂಗ್ ಕೇಳಿ ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಈಗ ಪೇಟಿ ಬಂತು ಖರೆ. ಆದ್ರ ನೀ ಅದರ ಮ್ಯಾಲ ಒರಗಿ ಹಾಡಾಕತ್ತಿ."

ಒಬಿಎಸ್ ತೆರೆದು ಬ್ಲ್ಯಾಕ್‌ಹೋಲಿನ ಸ್ಲೈಡರನ್ನು ಸ್ವಲ್ಪ ಕೆಳಗಿಳಿಸಿ, ಮತ್ತೆ ಮೊದಲಿನಿಂದ ಹಾಡಲು ಕೂತೆ.