ಫೈಲಿನ ತುಂಬ ನಾನೇ ಇದ್ದೆ

ಪತ್ರಿಕೆಯ ಡೆಸ್ಕಿಗೆ ಟ್ರೈನಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಗುಟ್ಟೇನೂ ಇಲ್ಲ. ಪಿಟಿಐನ ಒಂದು ಇಂಗ್ಲಿಷ್ ಸುದ್ದಿ ಕೊಡುತ್ತಾರೆ, ಅದನ್ನು ಅರ್ಧಕ್ಕಿಳಿಸಿ ಕನ್ನಡದಲ್ಲಿ ಬರೆಯಬೇಕು. ತಪ್ಪು ತುಂಬಿದ ಕಾಪಿ ಕೊಡುತ್ತಾರೆ, ತಿದ್ದಬೇಕು. ಒಂದಿಷ್ಟು ಸುದ್ದಿಗಳಿಗೆ ಶೀರ್ಷಿಕೆ ಹಾಕಬೇಕು. ಎರಡು ಕಾಲಂ ಅಂದರೆ ಎರಡೇ ಕಾಲಂ, ಅಕ್ಷರ ಹೊರಗೆ ಚಾಚಬಾರದು. ಜೊತೆಗೆ ಸಾಮಾನ್ಯ ಜ್ಞಾನ, ಆಮೇಲೆ ಸಂದರ್ಶನ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಪದವಿಯ ಕೊನೆಯ ವರ್ಷದ ಪತ್ರಿಕೋದ್ಯಮ ವಿದ್ಯಾರ್ಥಿಗಳಿಂದ ನಾನು ಮಾಡಿಸಿದ್ದು ಬಣ್ಣದ ರಟ್ಟಿನ, ಸ್ಪೈರಲ್ ಬೈಂಡಿಂಗಿನ ಪೋರ್ಟ್‌ಫೋಲಿಯೊ ಫೈಲುಗಳನ್ನು.

ಪೋರ್ಟ್‌ಫೋಲಿಯೊ ಎಂಬ ಮಾತು ನಮ್ಮ ಕಾಲೇಜಿನೊಳಗೆ ಕಾಲಿಟ್ಟದ್ದೇ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತಂಡ ಬರುವ ವರ್ಷ. ನ್ಯಾಕ್‌ನ ಆಗಿನ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿಗಳ ನೆರವು ಮತ್ತು ಪ್ರಗತಿಗೆ ಸಂಬಂಧಿಸಿದ್ದು. ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬ ಲೆಕ್ಕ ಅದರಡಿ ಬರುತ್ತಿತ್ತು. ಹಾವೇರಿ ಕಡೆಯ ಒಂದು ಸಾಧಾರಣ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದವರ ಕೆಲಸದ ಲೆಕ್ಕ ಕೇಳಿದರೆ ಏನು ತೋರಿಸೋದು? ನಮ್ಮ ಹುಡುಗರು ಬಿ.ಎಡ್. ಮಾಡುತ್ತಾರೆ, ಪಿಎಸ್‌ಐ ಪರೀಕ್ಷೆ ಕಟ್ಟುತ್ತಾರೆ, ಇಲ್ಲವೇ ಊರಲ್ಲೇ ಇದ್ದು ಯಾವುದಾದರೂ ಪತ್ರಿಕೆಗೆ ಬಿಡಿ ಸುದ್ದಿ ಕಳಿಸುತ್ತಾರೆ. ಕೆಲಸ ತೋರಿಸಲಾಗದಿದ್ದರೆ ಸಿದ್ಧತೆಯನ್ನಾದರೂ ತೋರಿಸೋಣ ಅಂದುಕೊಂಡೆ. ಫೈಲುಗಳನ್ನು ವಿಭಾಗದ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದೆವು. ಬಂದವರು ಎರಡು ಪುಟ ತಿರುವಿ, ಚೆನ್ನಾಗಿದೆ ಎಂದು ಮುಂದೆ ಹೋದರು. ಆ ಮಾತನ್ನು ನಾನು ಪ್ರಮಾಣಪತ್ರವೆಂದೇ ತಿಳಿದುಕೊಂಡೆ.

ಆ ಫೈಲುಗಳಲ್ಲಿ ಇದ್ದದ್ದೇನು? ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆದ ಕವನ, ಭಿತ್ತಿಪತ್ರಿಕೆಯ ಲೇಖನ, ಪ್ರಬಂಧ ಸ್ಪರ್ಧೆಯ ಬಹುಮಾನಪತ್ರದ ಜೆರಾಕ್ಸು, ಒಂದು ನುಡಿಚಿತ್ರ. ಪ್ರತಿಯೊಂದನ್ನೂ ನಾನು ತಿದ್ದಿದ್ದೆ. ಕಾಗುಣಿತ ತಿದ್ದುವಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ವಾಕ್ಯ ಮುರಿದು ಕಟ್ಟುತ್ತಿದ್ದೆ, ಆರಂಭ ಬದಲಿಸುತ್ತಿದ್ದೆ, ಶೀರ್ಷಿಕೆ ನಾನೇ ಇಡುತ್ತಿದ್ದೆ. ಮಕ್ಕಳು ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದರು, ಆಮೇಲೆ ಟೈಪ್ ಮಾಡಿಸಿಕೊಂಡು ಬರುತ್ತಿದ್ದರು. ಅದನ್ನೇ ಕಲಿಸುವುದು ಅಂದುಕೊಂಡಿದ್ದೆ. ಮೇಷ್ಟ್ರಾಗುವ ಮೊದಲು ನಾನೂ ಪತ್ರಿಕೆಯಲ್ಲಿ ಕೆಲಸ ಹುಡುಕಿ ಸಿಗದೆ ಬಂದವನು. ಸಿಗದೇ ಹೋದ ಬೈಲೈನನ್ನು ಈ ಮಕ್ಕಳ ಹೆಸರಿನಲ್ಲಿ ಹಾಕಿಸಿಕೊಳ್ಳುತ್ತಿದ್ದೆನೇನೋ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಒಬ್ಬ ಹುಡುಗಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಮೇಲೆ ಬರೆದಿದ್ದಳು. ಅವಳ ತಂದೆ ಅಲ್ಲಿ ಹಮಾಲಿ ಮಾಡುತ್ತಿದ್ದರು, ಹಾಗಾಗಿ ಆ ಅಂಗಳ ಅವಳಿಗೆ ಮನೆಯಷ್ಟೇ ಗೊತ್ತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಬೆಲೆ ನಿಂತಿರುವುದೇ ಬಣ್ಣದ ಮೇಲೆ. ಆಹಾರಕ್ಕೆ ಬಣ್ಣ ಕೊಡುವ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳಿಗೆ ಬೇಕಾದದ್ದೂ ಅದೇ. ಡಬ್ಬಿ, ಕಡ್ಡಿ ಎಂಬ ಎರಡು ತಳಿಗಳು. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಅವಳ ಮೊದಲ ವಾಕ್ಯ ಹೀಗಿತ್ತು: ‘ಈ ವಾರ ಡಬ್ಬಿ ಏರೇತಿ, ಕಡ್ಡಿ ಅಲ್ಲೇ ಕುಂತೇತಿ ಅಂತ ದಲಾಲರು ಹೇಳೋ ಹೊತ್ತಿಗೆ ನಮ್ಮಪ್ಪ ನಲವತ್ತನೇ ಚೀಲ ಹೊತ್ತಿರ್ತಾನೆ.’ ಚೀಲ ತೇವ ಆಗಿದ್ದರೆ ತೂಕ ಹೇಗೆ ಹೆಚ್ಚುತ್ತದೆ, ಬಣ್ಣ ಹೇಗೆ ಮಂಕಾಗುತ್ತದೆ, ಮೂಸಿ ನೋಡುವ ವ್ಯಾಪಾರಿ ಯಾವಾಗ ಮುಖ ತಿರುಗಿಸುತ್ತಾನೆ, ಎಲ್ಲ ಬರೆದಿದ್ದಳು. ಸಂಜೆ ಮನೆಗೆ ಬಂದ ಅಪ್ಪನ ಅಂಗಿ ಒಗೆಯುವಾಗ ಅವ್ವ ಸೀನುವುದನ್ನೂ ಬಿಟ್ಟಿರಲಿಲ್ಲ.

ನಾನು ಆ ಮೊದಲ ವಾಕ್ಯವನ್ನು ಹೊಡೆದು ಹಾಕಿದೆ. ‘ಕೆಂಪು ಚಿನ್ನದ ನಾಡಿನಲ್ಲಿ ಬೆವರ ಹನಿಗಳಿಗೆ ಬೆಲೆ ಕಟ್ಟುವವರಾರು?’ ಎಂದು ಬರೆದೆ. ಶೀರ್ಷಿಕೆ ‘ಕೆಂಪು ಸುಂದರಿಯ ಬಿಸಿಯುಸಿರು’. ಅವ್ವನ ಸೀನು ತೆಗೆದೆ, ಗಂಭೀರವಲ್ಲ ಅಂತ. ಈ ಸಾಲುಗಳನ್ನು ಇಲ್ಲಿ ಟೈಪ್ ಮಾಡಲು ನಾಚಿಕೆಯಾಗುತ್ತದೆ. ಆಗ ಮಾತ್ರ ಬರೆದು ಮುಗಿಸಿ, ಕನ್ನಡಕ ತೆಗೆದು, ಈಗ ನೋಡು ಎಂದಿದ್ದೆ.

ಅದೇ ವರ್ಷ ಹುಬ್ಬಳ್ಳಿಯ ಒಂದು ಪತ್ರಿಕೆ ಟ್ರೈನಿ ಉಪಸಂಪಾದಕರನ್ನು ಕರೆದಿತ್ತು. ನಮ್ಮ ಕೆಲವು ಮಕ್ಕಳನ್ನು ಫೈಲಿನ ಸಮೇತ ಕಳಿಸಿದೆ. ಅಲ್ಲಿ ಆಯ್ಕೆ ಮಾಡುತ್ತಿದ್ದವರಲ್ಲಿ ನನ್ನ ಪರಿಚಯದವರೊಬ್ಬರಿದ್ದರು, ರಾತ್ರಿ ಫೋನ್ ಮಾಡಿದರು. ‘ಮೇಷ್ಟ್ರೇ, ಎಲ್ಲ ಫೈಲೂ ಒಬ್ಬರೇ ಬರೆದಂಗದಾವಲ್ರೀ. ಎಲ್ಲ ಲೇಖನನೂ ಪ್ರಶ್ನೆಯಿಂದ ಶುರು, ಪ್ರಶ್ನೆಯಿಂದ ಮುಕ್ತಾಯ.’ ನಾನು ನಕ್ಕೆ. ಅವರು ನಗಲಿಲ್ಲ. ಮೆಣಸಿನಕಾಯಿ ಹುಡುಗಿಯನ್ನು ಸಂದರ್ಶನದಲ್ಲಿ, ಬೆವರಿಗೆ ಬೆಲೆ ಕಟ್ಟುವವರಾರು ಅಂತ ಬರೆದೀಯಲ್ಲ, ಹಮಾಲಿ ದರ ನಿಗದಿ ಮಾಡೋರು ಯಾರು ಅಂತ ಕೇಳಿದರಂತೆ. ಹಮಾಲಿ ದರದ ಬಗ್ಗೆ ಅವಳಿಗೆ ನನಗಿಂತ, ಬಹುಶಃ ಅವರಿಗಿಂತಲೂ, ಹೆಚ್ಚು ಗೊತ್ತಿತ್ತು. ಆದರೆ ಆ ವಾಕ್ಯದೊಳಗೆ ನಿಂತು ಮಾತಾಡುವುದು ಅವಳಿಂದ ಆಗಲಿಲ್ಲ. ‘ಅದು ನಂದಲ್ರೀ, ಸರ್ ಹಾಕಿದ್ದು’ ಎಂದುಬಿಟ್ಟಳು.

ಅನುವಾದದಲ್ಲೂ ಅವಳು ಸೋತಿದ್ದಳು. ನಾನು ಅನುವಾದವನ್ನು ಕಲಿಸಿಯೇ ಇರಲಿಲ್ಲ. ಅದು ಸೃಜನಶೀಲವಲ್ಲ ಎಂಬ ಸಣ್ಣ ತಿರಸ್ಕಾರ ಇತ್ತು. ಆದರೆ ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿಯ ಬಹುಪಾಲು ಕೆಲಸವೇ ಅನುವಾದ. ಆ ರಾತ್ರಿ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ನನ್ನ ಹೆಸರು ಹೇಳಬೇಕಿತ್ತೇ ಈ ಹುಡುಗಿ ಅಂತ. ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಇಳಿದ ಮೇಲೆ ಅವಳ ಮೂಲ ಹಸ್ತಪ್ರತಿ ಹುಡುಕಿದೆ. ಎಲ್ಲೂ ಇರಲಿಲ್ಲ. ಟೈಪ್ ಆದ ಮೇಲೆ ಕರಡನ್ನು ಹರಿದು ಹಾಕಿಸುವ ಪದ್ಧತಿ ನನ್ನದೇ. ಮೇಲೆ ಬರೆದ ಅವಳ ವಾಕ್ಯ ನನಗೆ ನೆನಪಿರುವಷ್ಟು, ಅಷ್ಟೇ.

ಆಮೇಲೆ ಫೈಲಿನ ಸ್ವರೂಪ ಬದಲಾಯಿತು, ಒಂದೇ ಸಲಕ್ಕೆ ಅಲ್ಲ, ಪ್ರತಿ ವರ್ಷ ಏನೋ ಒಂದು ಕೈಕೊಟ್ಟ ಮೇಲೆ. ಈಗ ಕರಡು ಮತ್ತು ಕೊನೆಯ ಪ್ರತಿ ಎರಡೂ ಫೈಲಿನಲ್ಲಿ ಇರಲೇಬೇಕು. ನಾನು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತೇನೆ, ಏನು ಬರೆಯಬೇಕೆಂದು ಹೇಳುವುದಿಲ್ಲ. ಈ ವಿಷಯದಲ್ಲಿ ನನ್ನ ಗುರು ಕನ್ನಡ ವಿಕಿಪೀಡಿಯ. 2003ರಲ್ಲಿ ಶುರುವಾದ ಅದರ ಪ್ರತಿ ಪುಟದ ಹಿಂದೆ ಒಂದು ಇತಿಹಾಸ ಇರುತ್ತದೆ: ಯಾರು, ಯಾವ ದಿನ, ಯಾವ ಸಾಲು ಸೇರಿಸಿದರು, ಯಾವುದನ್ನು ಇನ್ನೊಬ್ಬರು ತೆಗೆದರು. ತನ್ನೂರಿನ ಕೆರೆಯ ಮೇಲೆ ಲೇಖನ ಬರೆದ ಹುಡುಗನೊಬ್ಬನ ಅರ್ಧ ಬರಹವನ್ನು ಆಧಾರವಿಲ್ಲವೆಂದು ಯಾರೋ ತೆಗೆದರು. ಅವನು ತಾಲ್ಲೂಕು ಕಚೇರಿ ಸುತ್ತಿ, ಗೆಜೆಟಿಯರ್ ಹುಡುಕಿ, ಮತ್ತೆ ಬರೆದ. ಆ ಪುಟದ ಕೊಂಡಿ ಅವನ ಬಯೋಡೇಟಾದಲ್ಲಿದೆ. ಬಹುಮಾನಪತ್ರದ ಜೆರಾಕ್ಸಿಗೆ ಆ ಬೆಲೆ ಬರಲಾರದು.

ಇನ್ನೊಂದು ಪಾಠ ತಂತ್ರಜ್ಞಾನದ್ದು, ಅವಮಾನಕರವಾಗಿ ಸಣ್ಣದು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿ ಮೇಲ್ ಮಾಡಿದ ಕಡತಗಳು ಸಂಪಾದಕರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಂಡಿದ್ದವು. ಉತ್ತರ ಬರಲಿಲ್ಲ ಎಂದು ಹುಡುಗರು ಕೊರಗುತ್ತಿದ್ದರು. ಅಲ್ಲಿ ಓದಲಿಕ್ಕೇ ಆಗಿರಲಿಲ್ಲ. ಕಳಿಸುವುದು ಯೂನಿಕೋಡಿನಲ್ಲಿ, ಪಿಡಿಎಫ್ ಜೊತೆಗಿರಲಿ, ಪುಟ ಕಟ್ಟುವವರು ಕೇಳಿದರೆ ನುಡಿಗೆ ಬದಲಾಯಿಸಿ ಕೊಡಲೂ ಬರಲಿ. ಇಷ್ಟನ್ನು ಹೇಳಲು ಡಾಕ್ಟರೇಟ್ ಬೇಕಿರಲಿಲ್ಲ.

ಕೆಲಸ ಅಂದರೆ ಪತ್ರಿಕೆ ಮಾತ್ರ ಎಂಬ ನನ್ನ ಭ್ರಮೆಯನ್ನು ಬಿಡಿಸಿದವಳೂ ಅದೇ ಮೆಣಸಿನಕಾಯಿ ಹುಡುಗಿ. ಡಬ್ಬಿಂಗ್ ತಡೆಯುವುದು ತಪ್ಪೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಕನ್ನಡಕ್ಕೆ ಡಬ್ಬಿಂಗ್ ನಿಧಾನಕ್ಕೆ ಮರಳಿತು. ಅವಳು ಈಗ ಬೆಂಗಳೂರಿನ ಸ್ಟುಡಿಯೊಗಳಿಗೆ ಸಂಭಾಷಣೆ ಬರೆಯುತ್ತಾಳೆ. ತೆರೆಯ ಮೇಲಿನ ನಟ ಪ, ಬ, ಮ ಅಂದು ತುಟಿ ಮುಚ್ಚಿದಲ್ಲಿ ಕನ್ನಡದಲ್ಲೂ ತುಟಿ ಮುಚ್ಚುವ ಅಕ್ಷರವೇ ಬೀಳಬೇಕು. ಅವನ ಮಾತು ಮುಗಿಯುವುದರೊಳಗೆ ಕನ್ನಡದ ಮಾತೂ ಮುಗಿಯಬೇಕು, ಅರ್ಥವೂ ಕೆಡಬಾರದು. ದಲಾಲರ ಮಾತನ್ನು ದಲಾಲರ ಬಾಯಲ್ಲೇ ಕೇಳಿದ್ದವಳಿಗೆ ಇದು ಬರದೆ ಇನ್ನಾರಿಗೆ ಬರಬೇಕು? (ಪ್ರಶ್ನೆಯಿಂದ ಮುಗಿಸುವ ಚಟ ಇನ್ನೂ ಹೋಗಿಲ್ಲ.)

ಈಗಿನ ಮಕ್ಕಳಿಗೆ ನನ್ನಂಥ ಮೇಷ್ಟ್ರು ಬೇಕಿಲ್ಲ, ಆ ಕೆಲಸಕ್ಕೆ ಚಾಟ್‌ಜಿಪಿಟಿ ಬಂದಿದೆ. ವಾಕ್ಯ ಮುರಿದು ಕಟ್ಟುತ್ತದೆ, ಆರಂಭ ಬದಲಿಸುತ್ತದೆ, ಶೀರ್ಷಿಕೆ ಇಡುತ್ತದೆ, ಎಲ್ಲರನ್ನೂ ಒಂದೇ ದನಿಯಲ್ಲಿ ಮಾತಾಡಿಸುತ್ತದೆ. ಅದನ್ನು ಬೈಯಲು ಬಾಯಿ ತೆರೆದಾಗಲೆಲ್ಲ ಹುಬ್ಬಳ್ಳಿಯ ಫೋನು ನೆನಪಾಗಿ ಸುಮ್ಮನಾಗುತ್ತೇನೆ. ಈ ನಡುವೆ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಮರಳಿತು. ಪಠ್ಯಕ್ರಮ ಬದಲಾದಾಗಲೆಲ್ಲ ನಾವು ಹೊಸ ನಮೂನೆಗಳನ್ನು ತುಂಬಿದೆವು. ಹುಡುಗರು ಮಾತ್ರ ಅದೇ ಪಿಟಿಐ ಕಾಪಿಯ ಮುಂದೆ ಹೋಗಿ ಕೂತರು.

ಕಳೆದ ವರ್ಷ ಆ ಮೆಣಸಿನಕಾಯಿ ಹುಡುಗಿಯನ್ನು ಕೊನೆಯ ವರ್ಷದ ಮಕ್ಕಳ ಜೊತೆ ಮಾತಾಡಲು ಕರೆದೆ. ಭಾಷಣ ಬೇಡ ಸರ್, ಬರೆಸ್ತೀನಿ ಅಂದಳು. ಒಂದು ಸಿನಿಮಾದ ತುಣುಕು ಹಾಕಿ, ಮಕ್ಕಳಿಗೆ ಹಾಳೆ ಹಂಚಿ, ನನ್ನ ಕಡೆ ತಿರುಗಿದಳು. ‘ಸರ್, ನೀವು ಸ್ವಲ್ಪ ಹೊರಗ ಕುಂದರ್ತೀರೇನ್ರೀ?’ ಸ್ಟಾಫ್ ರೂಮಿಗೆ ಹೋಗಿ ಇಂಟರ್ನಲ್ಸ್ ಅಂಕ ತುಂಬುತ್ತ ಕೂತೆ. ಮಕ್ಕಳು ಬರೆದ ಹಾಳೆಗಳನ್ನು ಅವಳು ನನಗೆ ತೋರಿಸಲೂ ಇಲ್ಲ, ಹಾಗೇ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರು ಬಸ್ಸು ಹತ್ತಿದಳು. ವಾರದೊಳಗೆ ಇಬ್ಬರಿಗೆ ಅವಳಿಂದ ಫೋನ್ ಬಂತಂತೆ. ಅವರಲ್ಲೊಬ್ಬ ನಾನು ಬರವಣಿಗೆ ಬಾರದವನೆಂದು ಪರೀಕ್ಷೆಗೆ ಕಳಿಸುವವರ ಪಟ್ಟಿಯಿಂದ ಕೈಬಿಟ್ಟಿದ್ದ ಹುಡುಗ.